ಎಕ್ಸೆಲ್ ಶೀಟಿನಲ್ಲೊಂದು ರಿವಾಲ್ವರ್

2023ರಲ್ಲಿ ನಾನೊಂದು ರಿವಾಲ್ವರ್ ತಗೊಳ್ಳೋಣ ಅಂತ ಹೊರಟಿದ್ದೆ. ಈಗ ಹೇಳಿಕೊಂಡರೆ ಟೀಮಿನವರೆಲ್ಲ ನಗ್ತಾರೆ. ಜೆ.ಪಿ. ನಗರ ಏಳನೇ ಹಂತದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಯುಕೆಜಿಗೆ ಹೋಗೋ ಮಗಳು, ಜಿರಳೆ ಕಂಡರೆ ಹೆಂಡತಿಯನ್ನು ಕರೆಯೋ ನಾನು. ಇಂಥವನಿಗೆ ರಿವಾಲ್ವರ್ ಯಾಕೆ ಬೇಕು?

ಕಾರಣ ಇತ್ತು. ನಮ್ಮ ರಸ್ತೆಯಲ್ಲೇ, ನಮ್ಮ ಮನೆಯಿಂದ ಮೂರನೇ ಮನೆಗೆ ಮಟಮಟ ಮಧ್ಯಾಹ್ನ ಇಬ್ಬರು ನುಗ್ಗಿದ್ದರು. ಒಬ್ಬರೇ ಇದ್ದ ಎಪ್ಪತ್ತು ದಾಟಿದ ಅಜ್ಜಿಯನ್ನು ಕೆಳಗೆ ಬೀಳಿಸಿ, ಕೊರಳಿನ ಸರ, ಕೈಬಳೆ ಕಿತ್ಕೊಂಡು ಹೋದರು. ಅಜ್ಜಿ ಬದುಕಿದರು, ಆದರೆ ಸೊಂಟದ ಮೂಳೆ ಮುರಿದಿತ್ತು. ಆ ವಾರ ನನಗೆ ಅಮೆರಿಕದವರ ಜತೆ ರಾತ್ರಿ ಕಾಲ್‌ಗಳು. ಹೆಡ್‌ಫೋನ್ ಹಾಕ್ಕೊಂಡು ಕೂತಾಗೆಲ್ಲ ಹಿಂದಿನ ಬಾಗಿಲಲ್ಲಿ ಸದ್ದಾದ ಹಾಗೆ ಅನಿಸೋದು. ಮೂರನೇ ರಾತ್ರಿ ಗೂಗಲ್ ತೆಗೆದೆ.

ಅದೇ ತಿಂಗಳು ಊರಿನಿಂದ ಅಪ್ಪಯ್ಯನ ಫೋನು. "ಕೋವಿ ಲೈಸೆನ್ಸ್ ರಿನ್ಯೂವಲ್ಲಿಗೆ ಬಂದದೆ ಕಣೋ. ನನ್ ಕೈಲಿ ಇನ್ನು ಓಡಾಡೋಕೆ ಆಗಲ್ಲ. ನಿನ್ನ ಹೆಸರಿಗೆ ಮಾಡ್ಕೊಳ್ತೀಯೋ, ಇಲ್ಲಾ ಕೊಟ್ಟು ಕೈ ತೊಳ್ಕೊಳ್ಲೋ?"

ನಮ್ಮದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕು. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಮಜ್ಜಿಗೆ ಕಡೆಯೋ ಕಂಬ ಇದ್ದ ಹಾಗೆ ಕೋವಿಯೂ ಒಂದು ಸಾಮಾನು. ಹಂದಿ, ಮಂಗನ ಕಾಟಕ್ಕೆ ಬೆಳೆ ರಕ್ಷಣೆ ಲೈಸೆನ್ಸು. ನಮ್ಮ ಮನೆಯದು ಅಜ್ಜ ತಗೊಂಡಿದ್ದ ಒಂಟಿ ನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ. ಅಪ್ಪಯ್ಯನಿಗೆ ಆಗ ಎಪ್ಪತ್ತೆರಡು. "ಯೋಚನೆ ಮಾಡ್ತೀನಿ" ಅಂತ ಹೇಳಿ ಫೋನ್ ಇಟ್ಟೆ. ಹೀಗೆ ಊರಲ್ಲಿ ಒಂದು ಕೋವಿ ಬಿಡೋ ಮಾತು, ಇಲ್ಲಿ ಒಂದು ರಿವಾಲ್ವರ್ ಹಿಡಿಯೋ ಮಾತು, ಎರಡೂ ಒಟ್ಟಿಗೇ ಶುರುವಾದವು.

ನಾನು ಬಿಇ ಓದಿದವನು. ಮದುವೆಗೆ ಹೆಣ್ಣು ನೋಡೋವಾಗಲೂ ಮನಸ್ಸಿನಲ್ಲಿ ಒಂದು ಎಕ್ಸೆಲ್ ಶೀಟ್ ಇತ್ತು. ಇದಕ್ಕೂ ಒಂದು ಮಾಡಿದೆ. ಮಾಡೆಲ್, ಬೋರು, ತೂಕ, ಬೆಲೆ, ಹೊಸದೋ ಹಳೆಯದೋ, ಲೈಸೆನ್ಸು. ತುಂಬಿಸೋಕೆ ಹೊರಟಾಗ ಗೊತ್ತಾಯಿತು, ಪ್ರತಿ ಕಾಲಮಿನ ಕೆಳಗೂ ಒಂದಷ್ಟು ಇತಿಹಾಸ ಹೂತುಕೊಂಡಿದೆ ಅಂತ.

ಮೊದಲಿಗೆ ಬೋರು. ಅಮೆರಿಕದ ವಿಡಿಯೋ ನೋಡಿದರೆ ನೂರೆಂಟು ಥರದ ಗುಂಡು. ನಮ್ಮಲ್ಲಿ ಸಾಮಾನ್ಯ ಮನುಷ್ಯ ರಿವಾಲ್ವರ್ ಅಂತ ಕೇಳಿದರೆ ಕೈಗೆ ಸಿಗೋದು ಹೆಚ್ಚುಕಮ್ಮಿ ಒಂದೇ, ಪಾಯಿಂಟ್ 32. ಯಾಕೆ ಅಂತ ಕೆದಕಿದರೆ ಬ್ರಿಟಿಷರ ಕಾಲಕ್ಕೆ ಹೋಗಬೇಕು. ಸೈನ್ಯ, ಪೊಲೀಸರು ಬಳಸೋ ಗುಂಡು ಜನರ ಬಂದೂಕಿಗೆ ಹೊಂದಬಾರದು ಅನ್ನೋದು ಅವರ ಲೆಕ್ಕ. ಸರ್ಕಾರಿ ಮದ್ದುಮನೆಯಿಂದ ಕದ್ದರೂ ಹಾಕೋಕೆ ಊರಲ್ಲಿ ಬಂದೂಕು ಇರಬಾರದು. ಹಾಗಾಗಿ ಸೈನ್ಯದ ಪಾಯಿಂಟ್ 303 ರೈಫಲ್ ಜನರಿಗಿಲ್ಲ, ಅದರ ಬದಲಿಗೆ ಪಾಯಿಂಟ್ 315 ಅನ್ನೋ ಬೇರೆಯದೇ ಬೋರು ಬಂತು. ಬ್ರಿಟಿಷರು ಹೋಗಿ ಇಷ್ಟು ವರ್ಷವಾದರೂ ಆ ಯೋಚನೆ ಹೋಗಿಲ್ಲ. ಇವತ್ತಿಗೂ ನಮ್ಮ ಕಾನೂನಿನಲ್ಲಿ 'ನಿಷೇಧಿತ ಬೋರು', 'ನಿಷೇಧಿತವಲ್ಲದ ಬೋರು' ಅಂತ ಎರಡು ಜಾತಿ. ಪೊಲೀಸರ ಸೊಂಟದಲ್ಲಿರೋ 9 ಎಂಎಂ ಮೊದಲನೆಯದು, ನಮಗಿರೋ 32 ಎರಡನೆಯದು. ಈ 32ರ ಗುಂಡು ಕೂಡ ನಿನ್ನೆ ಮೊನ್ನೆಯದಲ್ಲ. ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಅದನ್ನು ತಂದಿದ್ದು 1896ರಲ್ಲಿ. ನಾವು 5ಜಿ ಫೋನು ಇಟ್ಕೊಂಡು ಪ್ಲೇಗ್ ಕಾಲದ ಗುಂಡು ಕೊಳ್ತೀವಿ.

ಮಾಡೆಲ್ ಕಾಲಮ್ಮಿನದೂ ಅದೇ ಕಥೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗೋ ಪಾಯಿಂಟ್ 32 ರಿವಾಲ್ವರ್ ನೋಡಿದರೆ, ಅದು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಹತ್ತಿರವಿದ್ದ ವೆಬ್ಲಿ ಮಾರ್ಕ್ 4ರ ತಮ್ಮ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ವಿನ್ಯಾಸ. ಮೇಲಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಳ್ಳುತ್ತೆ, ಆರು ಖಾಲಿ ತೋಟಾಗಳು ಒಟ್ಟಿಗೇ ಮೇಲೆದ್ದು ಬರ್ತವೆ. 2014ರಲ್ಲಿ ಅದೇ ಕಾನ್ಪುರದಿಂದ 'ನಿರ್ಭೀಕ್' ಬಂತು. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿಗೆ ಆ ಹೆಸರಿಟ್ಟು, ಹೆಣ್ಣುಮಕ್ಕಳಿಗೆ ಅಂತ ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ್ದು. ತೂಕ ಅರ್ಧ ಕೆಜಿ, ಬೆಲೆ ಆಗಲೇ 1.22 ಲಕ್ಷ ರೂಪಾಯಿ. ನಾನು ಹುಡುಕ್ತಿದ್ದ 2023ರ ಆಗಸ್ಟಿನಲ್ಲೇ 'ಪ್ರಬಲ್' ಅಂತ ಇನ್ನೊಂದು ಬಿಡುಗಡೆಯಾಯಿತು. ಐವತ್ತು ಮೀಟರ್ ದೂರಕ್ಕೆ ಗುರಿ, ಹಾಲಿವುಡ್ ಸಿನಿಮಾದಲ್ಲಿರೋ ಥರ ಪಕ್ಕಕ್ಕೆ ತೆರೆದುಕೊಳ್ಳೋ ಸಿಲಿಂಡರು ಅಂತ ಪ್ರಚಾರ. ವೆಬ್ಲಿ ಅಂಡ್ ಸ್ಕಾಟ್ ಹೆಸರಿನಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೂ ಒಂದು ಕಾರ್ಖಾನೆ ಶುರುವಾಗಿದೆ. ಇಷ್ಟರಲ್ಲೇ ಆರಿಸಿಕೊಳ್ಳಬೇಕು.

ಹಳೆಯದು ತಗೊಂಡರೆ? ಇಲ್ಲಿ ನನಗೆ ನಿಜವಾಗಿ ಆಶ್ಚರ್ಯವಾಯಿತು. ಎಲ್ಲಾ ವಸ್ತುವೂ ಸೆಕೆಂಡ್ ಹ್ಯಾಂಡ್ ಆದರೆ ಬೆಲೆ ಇಳಿಯುತ್ತೆ, ಇದು ಏರುತ್ತೆ. 1980ರ ದಶಕದ ನಡುವಿನಿಂದ ಜನಸಾಮಾನ್ಯರು ಹೊರದೇಶದಿಂದ ಬಂದೂಕು ತರಿಸೋದಕ್ಕೆ ಸರ್ಕಾರ ತಡೆ ಹಾಕಿದೆ. ಹೆಸರು ಮಾಡಿದ ಶೂಟಿಂಗ್ ಆಟಗಾರರಿಗೆ ಮಾತ್ರ ಬೇರೆ ನಿಯಮ. ಹಾಗಾಗಿ ಅದಕ್ಕೂ ಮೊದಲು ದೇಶದೊಳಗೆ ಬಂದ ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್, ಕೋಲ್ಟ್‌ಗಳೇ ಕೈಯಿಂದ ಕೈಗೆ ಸುತ್ತುತ್ತಾ ಇವೆ. ಅಮೆರಿಕದಲ್ಲಿ ಒಂದು ಸಾಧಾರಣ ಫೋನಿನ ಬೆಲೆಗೆ ಸಿಗೋ ಹಳೆಯ ರಿವಾಲ್ವರಿಗೆ ಇಲ್ಲಿ ಲಕ್ಷಗಳಲ್ಲಿ ಮಾತು. ಜಯನಗರದ ನಾಲ್ಕನೇ ಬ್ಲಾಕಿನ ಸೈಟು ಇದ್ದ ಹಾಗೆ, ಹೊಸದಾಗಿ ಹುಟ್ಟೋದಿಲ್ಲ, ಇರೋದಕ್ಕೇ ಜಗಳ.

ಒಂದು ಶನಿವಾರ ಕಂಟೋನ್ಮೆಂಟ್ ಕಡೆಯ ಹಳೇ ಬಂದೂಕಿನ ಅಂಗಡಿಗೆ ಹೋದೆ. ಗಾಜಿನ ಕಪಾಟು, ಗೋಡೆ ಮೇಲೆ ಜಿಂಕೆಯ ಕೊಂಬು, ಮೇಜಿನ ಹಿಂದೆ ಬಿಳಿ ಗಡ್ಡದ ಯಜಮಾನರು. ಮೊದಲ ಪ್ರಶ್ನೆಯೇ "ಲೈಸೆನ್ಸ್ ಇದೆಯಾ ಸಾರ್?" ಇಲ್ಲ ಅಂದೆ. "ಹಂಗಾದ್ರೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಬೇಡಿ" ಅಂದರು. ನಕ್ಕರೂ ಮಾತು ಗಟ್ಟಿಯಾಗಿತ್ತು. ಅಂಗಡಿ ಖಾಲಿ ಇತ್ತು, ಅವರಿಗೂ ಹೇಳೋ ಉತ್ಸಾಹ. ಹಳೆಯ ವೆಬ್ಲಿಯೊಂದನ್ನು ತೆಗೆದು, ಮೊದಲು ಮಡಚಿ ಆರೂ ಕೋಣೆ ಖಾಲಿ ಅಂತ ನನಗೂ ತೋರಿಸಿ, ತಾವೂ ಇನ್ನೊಮ್ಮೆ ನೋಡಿಕೊಂಡು, ಆಮೇಲೆ ಪಾಠ ಶುರು ಮಾಡಿದರು.

ಹಳೆಯ ರಿವಾಲ್ವರಿನಲ್ಲಿ ಹೊಳಪು ನೋಡಬಾರದಂತೆ. ಹೊಳಪನ್ನು ಯಾರು ಬೇಕಾದರೂ ಮಾಡಿಸಬಹುದು. ನೋಡಬೇಕಾದ್ದು ಐದು. ಒಂದು, ಸುತ್ತಿಗೆ ಎಳೆದು ನಿಲ್ಲಿಸಿದಾಗ ಸಿಲಿಂಡರು ಅಲುಗಬಾರದು, ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಗಡಗಡ ಅನ್ನಬಾರದು. ಎರಡು, ಆರು ಸಲ ನಿಧಾನಕ್ಕೆ ತಿರುಗಿಸಿದರೆ ಆರು ಸಲವೂ ಪ್ರತಿ ಕೋಣೆ ನಳಿಗೆಯ ಬಾಯಿಗೆ ಸರಿಯಾಗಿ ಬಂದು ಟಕ್ ಅಂತ ಕೂರಬೇಕು. ಒಂದು ಕೋಣೆ ಸ್ವಲ್ಪ ವಾರೆಯಾದರೂ ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಹಾರುತ್ತೆ. ಮೂರು, ಬೆಳಕಿಗೆ ಹಿಡಿದರೆ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಣ್ಣದಾಗಿ, ಸಮನಾಗಿ ಕಾಣಬೇಕು. ನಾಲ್ಕು, ನಳಿಗೆಯೊಳಗಿನ ಸುರುಳಿ ಗೀರುಗಳು ಚೂಪಾಗಿರಬೇಕು, ತುಕ್ಕಿನ ಗುಂಡಿಗಳಿರಬಾರದು. ವೆಬ್ಲಿ ಥರದ್ದಾದರೆ ಮಡಚೋ ಕೀಲು, ಮೇಲಿನ ಚಿಲಕ ಸಡಿಲವಾಗಿದೆಯಾ ಅಂತಲೂ ನೋಡಬೇಕು. ಐದನೆಯದು ಕಾಗದ. ಕಬ್ಬಿಣದ ಮೇಲಿನ ನಂಬರು, ಮಾರುವವರ ಲೈಸೆನ್ಸಿನಲ್ಲಿರೋ ನಂಬರು ಒಂದೇ ಇರಬೇಕು. ಲೈಸೆನ್ಸ್ ಇದ್ದವರು ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರೋದಾದರೆ ನಲವತ್ತೈದು ದಿನ ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಬೇಕು ಅಂತ ಕಾನೂನಿದೆ.

"ನಾಲ್ಕು ಸರಿ ಇದ್ದು ಐದನೇದು ಸರಿ ಇಲ್ಲ ಅಂದ್ರೆ ಅದು ರಿವಾಲ್ವರ್ ಅಲ್ಲ ಸಾರ್, ಕೇಸು" ಅಂದರು ಯಜಮಾನರು.

ಕೊನೆಗೆ ಮಾರೋ ಅಂಗಡಿಯವರೇ ನನ್ನನ್ನು ಕೇಳಿದರು, "ಮನೆಯಲ್ಲಿ ಮಗು ಇದೆಯಾ?" ಇದೆ ಅಂದೆ. "ಹಂಗಾದ್ರೆ ಇದು ಒಂದು ಲಾಕರಲ್ಲಿ, ತೋಟಾ ಇನ್ನೊಂದು ಲಾಕರಲ್ಲಿ. ಕೀ ನಿಮ್ಮ ಸೊಂಟದಲ್ಲಿ. ಈಗ ಹೇಳಿ, ಕಳ್ಳ ಬಂದ್ರೆ ಎಷ್ಟು ಹೊತ್ತು ಕಾಯೋಕೆ ಹೇಳ್ತೀರಿ?"

ಉತ್ತರ ಹೊಳೀಲಿಲ್ಲ. ಆದರೆ ಎಕ್ಸೆಲ್ ಶೀಟು ಮುಚ್ಚೋಕೂ ಮನಸ್ಸಾಗಲಿಲ್ಲ. ಇನ್ನೂ ಒಂದು ಕಾಲಂ ಉಳಿದಿತ್ತು, ಲೈಸೆನ್ಸು.

ಬೆಂಗಳೂರಿನಲ್ಲಿ ಲೈಸೆನ್ಸ್ ಕೊಡೋದು ಪೊಲೀಸ್ ಕಮಿಷನರ್ ಕಚೇರಿ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಅರ್ಜಿ ಹಾಕಬೇಕು, ಬಂದೂಕು ಹಿಡಿಯೋ ತರಬೇತಿಯ ಸರ್ಟಿಫಿಕೇಟ್ ತರಬೇಕು, ಸ್ಟೇಷನ್ನಿನವರು ಮನೆಗೆ ಬಂದು ವಿಚಾರಿಸ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮಗೆ ಯಾಕೆ ಬೇಕು ಅಂತ ಅವರಿಗೆ ಒಪ್ಪಿಗೆಯಾಗಬೇಕು. ಈ 'ಯಾಕೆ ಬೇಕು' ಅನ್ನೋ ಪ್ರಶ್ನೆಯನ್ನು ಸರ್ಕಾರ ನಮ್ಮನ್ನು ಕೇಳೋಕೆ ಶುರು ಮಾಡಿದ್ದು ಯಾವಾಗ? ಈ ಕಾಲಮ್ಮಿನ ಕೆಳಗೆ ಹೂತುಕೊಂಡಿದ್ದ ಇತಿಹಾಸ ಮಾತ್ರ ನನ್ನನ್ನು ಬಹಳ ದಿನ ಬಿಡಲಿಲ್ಲ.

ಸ್ಯಾಮುಯೆಲ್ ಕೋಲ್ಟ್ ಅಮೆರಿಕದಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದಿದ್ದು 1836ರಲ್ಲಿ. ಇಪ್ಪತ್ತು ವರ್ಷದೊಳಗೆ ಅದು ಬ್ರಿಟಿಷ್ ಅಧಿಕಾರಿಗಳ ಸೊಂಟಕ್ಕೆ ಬಂತು. 1857ರ ದಂಗೆಯ ಹೊತ್ತಿಗೆ ಕೋಲ್ಟ್ ಮತ್ತು ಆಡಮ್ಸ್ ರಿವಾಲ್ವರುಗಳು ಅವರ ಕೈಯಲ್ಲಿದ್ದವು. ಒಂದು ಸಲ ಹೊಡೆದು ಮತ್ತೆ ಮದ್ದು ತುಂಬೋಕೆ ಕಾಯೋ ಎದುರಾಳಿಗೆ ಇವರು ಐದಾರು ಸಲ ಹೊಡೀತಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ತಂತು. ಜನರ ಹತ್ತಿರ ಇರೋ ಆಯುಧಗಳನ್ನೆಲ್ಲ ಲೆಕ್ಕಕ್ಕೆ ತರಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು. ನಿಶ್ಶಸ್ತ್ರೀಕರಣದ ಕಾಯ್ದೆ ಅಂತ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದು ಹೋಗುತ್ತಲ್ಲ, ಅದೇ.

ಈ ಕಾಯ್ದೆ ಮುಧೋಳ ಸಂಸ್ಥಾನದ ಹಲಗಲಿಗೂ ಬಂತು. ಇವತ್ತು ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿದ್ದವರು ಬೇಡರು. ಬೇಟೆ, ಕಾವಲು, ಸೈನ್ಯದ ಚಾಕರಿ, ಎಲ್ಲದಕ್ಕೂ ಆಯುಧವೇ ಆಧಾರ. ಅದನ್ನು ಒಪ್ಪಿಸಿ ಅಂದರೆ ಇವತ್ತು ನಮ್ಮ ಲ್ಯಾಪ್‌ಟಾಪು, ಡಿಗ್ರಿ ಸರ್ಟಿಫಿಕೇಟು ಎರಡನ್ನೂ ಕಿತ್ಕೊಂಡು ಮನೆಗೆ ಹೋಗಿ ಅಂದ ಹಾಗೆ. ಅವರು ಕೊಡಲ್ಲ ಅಂದರು. 1857ರ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರನ್ನು ಸುತ್ತುವರಿದು ಬೆಂಕಿ ಹಚ್ಚಿತು. ಹೋರಾಡಿದವರಲ್ಲಿ ಜಡಗ, ಬಾಲ ಅನ್ನೋ ಹೆಸರುಗಳು ಇವತ್ತಿಗೂ ಉತ್ತರ ಕರ್ನಾಟಕದ ಬಾಯಲ್ಲಿವೆ. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಜನ ಲಾವಣಿ ಕಟ್ಟಿ ಹಾಡಿದರು, ಅದನ್ನು ಮುಂದೆ ಬರೆದು ಅಚ್ಚು ಹಾಕಿಸಿದ್ದು ಜೆ.ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿಯೇ.

ಈಗ ಭೂಪಟದಲ್ಲಿ ಕೆಳಗೆ ಬನ್ನಿ, ಕೊಡಗಿಗೆ. ಅದು 1834ರಿಂದ ಬ್ರಿಟಿಷರ ಕೈಯಲ್ಲಿತ್ತು. 1857ರಲ್ಲಿ ಅಲ್ಲಿ ದಂಗೆ ಏಳಲಿಲ್ಲ. ಅದಕ್ಕೆ ಮೆಚ್ಚಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಹೌದು, ನಾವು ಭಾನುವಾರ ಮಕ್ಕಳನ್ನು ಕರ್ಕೊಂಡು ಹೋಗೋ ಪಾರ್ಕಿಗೆ ಹೆಸರಾದ ಅದೇ ಕಬ್ಬನ್. ಆದೇಶ ಹೊರಡಿಸಿದ ವರ್ಷವೇ ನಿವೃತ್ತಿಯಾಗಿ ತಾಯ್ನಾಡಿಗೆ ಹೊರಟ, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಸಹಿ ಮಾತ್ರ ಬದುಕಿತು. ಸ್ವಾತಂತ್ರ್ಯ ಬಂದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರವೂ ಕೊಡವರಿಗೆ ಮತ್ತು ಜಮ್ಮಾ ಭೂಮಿ ಇರುವವರಿಗೆ ಆ ವಿನಾಯಿತಿ ಮುಂದುವರಿಸಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಅರ್ಜಿ ಹೋಗಿ, 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿ ಹಿಡಿಯಿತು.

ನಮ್ಮ ಟೀಮಿನಲ್ಲಿ ಒಬ್ಬ ಕೊಡಗಿನ ಹುಡುಗ ಇದ್ದಾನೆ, ಬಿಟಿಎಂ ಲೇಔಟಿನಲ್ಲಿ ಪಿಜಿ. ಊಟದ ಹೊತ್ತಿನಲ್ಲಿ ನನ್ನ ಎಕ್ಸೆಲ್ ಶೀಟು ತೋರಿಸಿದರೆ ನಕ್ಕ. "ಸರ್, ನಮ್ಮಲ್ಲಿ ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಮನೆಯಲ್ಲಿ ಸಾವಾದ್ರೆ ಎರಡು ಗುಂಡು. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್‌ಗೆ ಹೂವು ಇಟ್ಟು ಪೂಜೆ. ನೀವು ಇದನ್ನ ಫ್ರಿಜ್ ತಗೊಂಡ ಹಾಗೆ ಕಂಪೇರ್ ಮಾಡ್ತಿದ್ದೀರಲ್ಲ" ಅಂದ. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಅವನ ಮಾತಿನಲ್ಲಿ ಅಹಂಕಾರ ಇರಲಿಲ್ಲ. ಅವನಿಗೆ ಕೋವಿ ಮನೆಯ ಹಿರಿಯರಿದ್ದ ಹಾಗೆ. ಹೆದರಿಕೆಗೆ ಕೊಳ್ಳೋ ಸಾಮಾನಲ್ಲ.

ಆದರೆ ಒಂದೇ ಕಾಯ್ದೆ, ನಾಲ್ಕು ವರ್ಷದ ಅಂತರ, ಒಂದು ಕಡೆ ಹತ್ತೊಂಬತ್ತು ಹೆಣ, ಇನ್ನೊಂದು ಕಡೆ ಗೌರವದ ಪತ್ರ. ಹಲಗಲಿಯವರಿಗೂ ಆಯುಧ ದೇವರೇ ಆಗಿತ್ತು. ವ್ಯತ್ಯಾಸ ಅವರ ಭಕ್ತಿಯಲ್ಲಿರಲಿಲ್ಲ, ಆ ವರ್ಷ ಸರ್ಕಾರಕ್ಕೆ ಯಾರು ಬೇಕಾಗಿದ್ದರು ಅನ್ನೋದರಲ್ಲಿತ್ತು. ಆಮೇಲೆ 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆಯಂತೂ ಭೇದವನ್ನು ಮುಚ್ಚಿಡಲೇ ಇಲ್ಲ. ಭಾರತೀಯನಿಗೆ ಲೈಸೆನ್ಸು, ಯುರೋಪಿಯನ್ನನಿಗೆ ವಿನಾಯಿತಿ. ಕಾಂಗ್ರೆಸ್ಸಿನವರಿಗೆ ಇದು ಎಷ್ಟು ಚುಚ್ಚಿತ್ತು ಅಂದರೆ 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿದ್ದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ, ಆಯುಧ ಹೊಂದೋದು ಮೂಲಭೂತ ಹಕ್ಕಾಗಲಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿತ್ತು. 1959ರಲ್ಲಿ ನಮ್ಮದೇ ಸಂಸತ್ತು ಹೊಸ ಕಾಯ್ದೆ ಮಾಡಿತು. ಬಿಳಿಯ, ಕರಿಯ ಅನ್ನೋ ಭೇದ ಹೋಯಿತು, 'ಯಾಕೆ ಬೇಕು' ಅನ್ನೋ ಪ್ರಶ್ನೆ ಉಳಿಯಿತು.

ಇಷ್ಟು ಓದಿಕೊಂಡ ಮೇಲೆ ನನಗೆ ಒಂಥರಾ ಹಠ ಬಂತು. ಬ್ರಿಟಿಷರು ಕಿತ್ಕೊಂಡಿದ್ದನ್ನು ನಾನು ಯಾಕೆ ಬಿಡಲಿ? ರಿವಾಲ್ವರೂ ತಗೊಳ್ತೀನಿ, ಅಜ್ಜನ ಕೋವಿಯನ್ನೂ ಹೆಸರಿಗೆ ಮಾಡ್ಕೊಳ್ತೀನಿ. ಕಾನೂನಿನಲ್ಲಿ ಅದಕ್ಕೂ ದಾರಿಯಿದೆ. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಬಂದೂಕು ಅಂತ ಇದ್ದದ್ದು ಎರಡಕ್ಕಿಳಿದಿದೆ, ಅಷ್ಟರೊಳಗೇ ಬರುತ್ತೆ. 2016ರ ನಿಯಮಗಳ ಪ್ರಕಾರ ಎಪ್ಪತ್ತು ದಾಟಿದ ತಂದೆ ತನ್ನ ಬಂದೂಕನ್ನು ಮಗನ ಹೆಸರಿಗೆ ಮಾಡಿಸಬಹುದು. ಈ ಎಲ್ಲಾ ಮಾಹಿತಿ ತಲೆಯಲ್ಲಿ ತುಂಬ್ಕೊಂಡು ದಸರಾಕ್ಕೆ ಎರಡು ವಾರ ಮುಂಚೆ ಊರಿನ ಬಸ್ಸು ಹತ್ತಿದೆ.

ಅಪ್ಪಯ್ಯ ದೇವರ ಕೋಣೆಯ ಮರದ ಪೆಟ್ಟಿಗೆಯಿಂದ ಲೈಸೆನ್ಸಿನ ಪುಸ್ತಕ ತಂದು ಜಗಲಿ ಮೇಲೆ ಇಟ್ಟರು. ಅಜ್ಜನ ಹೆಸರಿನಲ್ಲಿ 1964ರಲ್ಲಿ ಶುರುವಾದ ಹಳೆಯ ಪುಸ್ತಕ, ಆಮೇಲೆ ಅಪ್ಪಯ್ಯನ ಹೆಸರಿನದು. ಮೂರು ವರ್ಷಕ್ಕೊಂದು ರಿನ್ಯೂವಲ್ ಮುದ್ರೆ. ನಡುನಡುವೆ ಚೀಟಿಗಳು. ಪ್ರತಿ ಚುನಾವಣೆ ಬಂದಾಗಲೂ ನೀತಿಸಂಹಿತೆ ಅಂತ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ತಂದಿದ್ದರ ರಸೀದಿಗಳು. ಲೋಕಸಭೆಗೆ ಒಂದು ಸಲ, ವಿಧಾನಸಭೆಗೆ ಒಂದು ಸಲ. ಗೋಣಿಚೀಲದಲ್ಲಿ ಸುತ್ತಿದ ಕೋವಿ ಹೊತ್ತು ಬಸ್ಸಿನಲ್ಲಿ ಹೋಗಿ, ಹೆಗಲು ನೋವು ಅಂತ ವಾಪಸು ಬರ್ತಿದ್ದ ಅಪ್ಪಯ್ಯ ನನಗೆ ಚಿಕ್ಕಂದಿನಿಂದ ಗೊತ್ತು. ಆ ಮೇ ತಿಂಗಳ ವಿಧಾನಸಭಾ ಚುನಾವಣೆಯ ರಸೀದಿಯೂ ಅಲ್ಲೇ ಇತ್ತು.

ನಾನು ಹಲಗಲಿ, ಕಬ್ಬನ್, ಕಾಮತ್ ಎಲ್ಲಾ ಹೇಳಿದೆ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದರು. ಇತಿಹಾಸ ಅಂದರೆ ಅವರಿಗೂ ಇಷ್ಟ. 2018ರಲ್ಲಿ ನಮ್ಮ ತಾಲೂಕಿನ ನಗರದಲ್ಲಿ ಹಾಳುಬಾವಿ ತೋಡಿದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟು ಸಿಕ್ಕಿದ್ದವಲ್ಲ, ಪೇಪರಿನ ಆ ಹಾಳೆಯನ್ನು ಕತ್ತರಿಸಿ ಇಟ್ಟವರು ಅವರು. ಎಲ್ಲಾ ಕೇಳಿ ಆದ ಮೇಲೆ ಒಂದೇ ಮಾತು ಕೇಳಿದರು.

"ಈ ಕೋವಿ ಕೊನೇ ಸಲ ಹೊಡ್ದಿದ್ದು ಯಾವಾಗ ಅಂತ ನಿಂಗೆ ಗೊತ್ತೇನೋ?"

ನನಗೆ ಗೊತ್ತಿರಲಿಲ್ಲ. 1996 ಅಂದರು.

ಆ ವರ್ಷ ದೀಪಾವಳಿಗೆ ಮುಂಚೆ ಗದ್ದೆಗೆ ಹಂದಿ ಕಾಟ ವಿಪರೀತ. ಎರಡು ರಾತ್ರಿ ಮಾಳದಲ್ಲಿ ಕೂತು, ಒಂದು ಹಂದಿಗೆ ಹೊಡೆದು, ಅದು ತಪ್ಪಿತ್ತಂತೆ. ಮೂರನೇ ರಾತ್ರಿ ಗದ್ದೆ ಅಂಚಿನ ಪೊದೆಯಲ್ಲಿ ಸದ್ದು. ಕತ್ತಲಲ್ಲಿ ಕಪ್ಪಗೆ ಏನೋ ಬಗ್ಗಿಕೊಂಡು ಬರ್ತಾ ಇದೆ. ಅಪ್ಪಯ್ಯ ಕೋವಿ ಎತ್ತಿ, ಸುತ್ತಿಗೆ ಎಳೆದು, ಕುದುರೆ ಮೇಲೆ ಬೆರಳಿಟ್ಟಿದ್ದರು.

"ಅದು ಕೆಮ್ತು" ಅಂದರು ಅಪ್ಪಯ್ಯ.

ಪಕ್ಕದ ಮನೆಯ ಹುಡುಗ. ಹದಿನೇಳು ವರ್ಷ. ಟಾರ್ಚಿನ ಸೆಲ್ಲು ಮುಗಿದಿತ್ತು, ಹಳ್ಳದ ನೀರು ಅವರ ಗದ್ದೆಗೆ ತಿರುಗಿಸೋಕೆ ಕತ್ತಲಲ್ಲೇ ಬಂದಿದ್ದ. ಅವನ ಹೆಸರು ಇಲ್ಲಿ ಬರೆಯಲ್ಲ. ಇವತ್ತು ಅವನಿಗೆ ಇಬ್ಬರು ಮಕ್ಕಳು, ನಮ್ಮ ತೋಟಕ್ಕೆ ಪ್ರತಿ ಮಳೆಗಾಲ ಕೊಳೆ ಔಷಧಿ ಹೊಡೆದುಕೊಡೋನು ಅವನೇ. ಆ ರಾತ್ರಿ ಮಾಳದಲ್ಲಿ ಏನಾಗ್ತಿತ್ತು ಅಂತ ಅವನಿಗೆ ಗೊತ್ತಿಲ್ಲ. ಅಮ್ಮನಿಗೂ ಹೇಳಿರಲಿಲ್ಲವಂತೆ. ಇಪ್ಪತ್ತೇಳು ವರ್ಷ ಅಪ್ಪಯ್ಯ ರಿನ್ಯೂವಲ್ ಮಾಡಿಸಿದರು, ಚುನಾವಣೆಗೆಲ್ಲ ಹೊತ್ತರು, ಎಣ್ಣೆ ಹಾಕಿ ಒರೆಸಿದರು. ತೋಟಾ ಮಾತ್ರ ತುಂಬಲಿಲ್ಲ.

"ಮತ್ತೆ ಇಷ್ಟು ವರ್ಷ ಯಾಕೆ ಇಟ್ಕೊಂಡಿದ್ರಿ?"

"ನಮ್ಮಪ್ಪನದ್ದು. ಬಿಡೋಕಾಗ್ಲಿಲ್ಲ. ಈಗ ನೀ ಇಟ್ಕೊಂಡ್ರೆ ನಿಂಗೂ ಬಿಡೋಕಾಗಲ್ಲ. ಕೆಮ್ಮು ಎಲ್ಲರಿಗೂ ಸಮಯಕ್ಕೆ ಬರಲ್ಲ ಮಾರಾಯ."

ಆ ರಾತ್ರಿ ನಿದ್ದೆ ಬರಲಿಲ್ಲ. ಜೆ.ಪಿ. ನಗರದ ನಮ್ಮ ಮನೆಯನ್ನೇ ಕಣ್ಣಮುಂದೆ ತಂದ್ಕೊಂಡೆ. ರಾತ್ರಿ ಎರಡು ಗಂಟೆ, ಹಿಂದಿನ ಬಾಗಿಲಲ್ಲಿ ಸದ್ದು, ಕೈಯಲ್ಲಿ ತುಂಬಿದ ರಿವಾಲ್ವರು. ರಿವಾಲ್ವರ್ ಹೊಗಳೋರೆಲ್ಲ ಹೇಳೋದೊಂದೇ, ಬಹಳ ಸರಳ, ಕುದುರೆ ಎಳೆದರೆ ಸಾಕು. ನಮ್ಮಲ್ಲಿ ಆ ಹೊತ್ತಿಗೆ ಬಾಗಿಲು ತೆಗೆಯೋರು ಯಾರು ಯಾರು? ನೀರಿನ ಮೋಟಾರ್ ಆಫ್ ಮಾಡೋಕೆ ಬರೋ ಮಾಲೀಕರು. ಬಾಯಾರಿಕೆ ಅಂತ ಎದ್ದು ಬರೋ ಮಗಳು. ಪಟ್ಟಿಯಲ್ಲಿ ಕಳ್ಳ ಕೊನೆಗೆ ಬರ್ತಾನೆ. ತನ್ನ ಜೀವ ಉಳಿಸಿಕೊಳ್ಳೋ ಹಕ್ಕು ನಮಗೆ ಕಾನೂನಿನಲ್ಲೂ ಇದೆ, ಆಗ ಐಪಿಸಿಯಲ್ಲಿತ್ತು, ಈಗ 2024ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆದರೆ ಕತ್ತಲಲ್ಲಿ ಬಗ್ಗಿ ಬರ್ತಿರೋದು ಯಾರು ಅಂತ ಯಾವ ಸೆಕ್ಷನ್ನೂ ಹೇಳಿಕೊಡಲ್ಲ.

ಹಲಗಲಿಯವರ ಬಗ್ಗೆಯೂ ಯೋಚಿಸಿದೆ. ಅವರು ಕೊಡಲ್ಲ ಅಂದು ಸತ್ತರು. ನಾವು ಕೊಟ್ಟರೆ ಅವರಿಗೆ ಅವಮಾನವೇ? ಹಾಗೆ ಅನಿಸಲಿಲ್ಲ. ಅವರ ಆಯುಧವನ್ನು ಕೇಳಿದವರು ಅವರ ಅನ್ನವನ್ನೂ ಮಾನವನ್ನೂ ಒಟ್ಟಿಗೇ ಕೇಳಿದ್ದರು, ಸೊಂಟದಲ್ಲಿ ತಮ್ಮ ರಿವಾಲ್ವರ್ ಇಟ್ಟುಕೊಂಡೇ ಕೇಳಿದ್ದರು. ಅಪ್ಪಯ್ಯನನ್ನು ಯಾರೂ ಕೇಳಿರಲಿಲ್ಲ. ಇಪ್ಪತ್ತೇಳು ವರ್ಷ ಯೋಚಿಸಿ ತಾವೇ ತೀರ್ಮಾನ ಮಾಡಿದ್ದರು. ಕಿತ್ಕೊಳ್ಳೋದು ಬೇರೆ, ಕೆಳಗಿಡೋದು ಬೇರೆ. ಕೊಡಗಿನ ಹುಡುಗನ ಮನೆಯ ತೋಕ್ ಅಲ್ಲೇ ಇರಲಿ, ಅದಕ್ಕೊಂದು ಮನೆ, ಒಂದು ಮರ್ಯಾದೆ, ಅದನ್ನು ಹಿಡಿಯೋದು ಕಲಿಸೋ ಹಿರಿಯರು ಇದ್ದಾರೆ. ನನ್ನ ಹತ್ತಿರ ಇದ್ದದ್ದು ಒಂದು ಎಕ್ಸೆಲ್ ಶೀಟು, ಮೂರು ರಾತ್ರಿಯ ಹೆದರಿಕೆ.

ಬೆಳಗ್ಗೆ ಇಬ್ಬರೂ ಕೋವಿ, ಕಾಗದ ಎಲ್ಲಾ ತಗೊಂಡು ಹೋದೆವು. ಸ್ಟೇಷನ್ನಿನಲ್ಲಿ ಬರೆದುಕೊಡೋದು ಬರೆದುಕೊಟ್ಟು, ಲೈಸೆನ್ಸ್ ರದ್ದಿಗೆ ಅರ್ಜಿ ಹಾಕಿ ಕೋವಿ ಒಪ್ಪಿಸಿದೆವು. ಅಪ್ಪಯ್ಯ ರಸೀದಿ ಎರಡು ಸಲ ಓದಿ, ಕೋವಿಯ ನಂಬರು ಸರಿಯಾಗಿದೆಯಾ ಅಂತ ನೋಡಿ, ಮಡಚಿ ಜೇಬಿಗೆ ಹಾಕ್ಕೊಂಡರು. ಚುನಾವಣೆ ಮುಗಿದ ಮೇಲೆ ವಾಪಸು ತರಬೇಕಾಗಿಲ್ಲದ ಮೊದಲನೇ ರಸೀದಿ. ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದರು, ಯಾವತ್ತೂ ಒಂದೇ ತಿನ್ನೋರು.

ಬೆಂಗಳೂರಿಗೆ ಬಂದು ಹಿಂದಿನ ಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿದೆ, ಅರ್ಧ ಖರ್ಚು ಮಾಲೀಕರು ಕೊಟ್ಟರು. ರಸ್ತೆಯವರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿ, ಒಂಟಿಯಾಗಿರೋ ಹಿರಿಯರ ಮನೆಗೆ ಮಧ್ಯಾಹ್ನ ಒಂದು ಸಲ ಬಾಗಿಲು ತಟ್ಟಿ ಬರೋದು ಅಂತ ಸರದಿ ಹಾಕ್ಕೊಂಡೆವು. ನನ್ನ ಸರದಿ ಬುಧವಾರ, ವರ್ಕ್ ಫ್ರಮ್ ಹೋಮ್ ದಿನ. ಸೊಂಟ ಮುರಿದಿದ್ದ ಅಜ್ಜಿ ಈಗ ವಾಕರ್ ಹಿಡಿದು ಬಂದು ಅವರೇ ಬಾಗಿಲು ತೆಗೀತಾರೆ, ಕಾಫಿ ಕುಡಿಯದೆ ಕಳಿಸಲ್ಲ.

ಆ ವರ್ಷ ಆಯುಧಪೂಜೆಗೆ ನಾವಿಲ್ಲಿ ಎಂದಿನಂತೆ ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟೆವು. ಸಂಜೆ ವಿಡಿಯೋ ಕಾಲಿನಲ್ಲಿ ಅಪ್ಪಯ್ಯ ಊರಿನ ಪೂಜೆ ತೋರಿಸಿದರು. ಪ್ರತಿ ವರ್ಷ ಕೋವಿ ಒರಗಿಸಿ ಇಡ್ತಿದ್ದ ಮಣೆ ಮೇಲೆ ಅಡಿಕೆ ಸುಲಿಯೋ ಮೆಟ್ಟುಗತ್ತಿ ಇಟ್ಟು, ಅದಕ್ಕೊಂದು ಸೇವಂತಿಗೆ ಮುಡಿಸಿದ್ದರು.